ತಮಟೆಗೂ ಒಂದು ಟಿಕೆಟ್

ಅಣ್ಣನ ನೆನಪಿನ ಪುಸ್ತಕಕ್ಕೆ ಎರಡು ಪುಟ ಬರೆದುಕೊಡಿ ಎಂದು ಅವರ ಹಾಡು ಹಾಡುವ ಹುಡುಗರು ಕೇಳಿದಾಗ ಹೂಂ ಅಂದುಬಿಟ್ಟೆ. ಅಂದ ಮೇಲೆ ಹದಿನೈದು ದಿನ ತಲೆ ತಪ್ಪಿಸಿಕೊಂಡು ಓಡಾಡಿದೆ. "ಸಾರ್, ನೀವು ಅವರ ಮೊದಲನೇ ಅಭಿಮಾನಿ, ನೀವಿಲ್ಲದೆ ಪುಸ್ತಕ ಹೆಂಗೆ ತರೋದು?" ಎಂದು ಅವರು ಫೋನು ಮಾಡಿದಾಗೆಲ್ಲ, ಬಸ್ಸಿನ ಗಲಾಟೆಯಲ್ಲಿ ಏನೂ ಕೇಳಿಸುತ್ತಿಲ್ಲ ಎಂದು ಇಟ್ಟುಬಿಡುತ್ತಿದ್ದೆ. ನಾನು ಹಳೇಬೀಡು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ದಿನವಿಡೀ ಮೈಕ್ ಹಿಡಿದು ಬೇಲೂರು, ಹಾಸನ, ಜಾವಗಲ್, ಅರಸೀಕೆರೆ ಎಂದು ಕೂಗುವುದು ನನ್ನ ಕೆಲಸ. ಗಂಟಲು ಗಟ್ಟಿಯಾಗಿಯೇ ಇದೆ. ಹೇಳಬೇಕಾದ್ದನ್ನು ಹೇಳುವುದಕ್ಕೆ ಗಂಟಲು ಗಟ್ಟಿ ಇದ್ದರೆ ಸಾಲದು ಎನ್ನುವುದು ಬೇರೆ ಮಾತು.

ಅವರ ಹೆಸರು ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ಬರುತ್ತದಂತೆ. ಬರಲಿ. ನನ್ನ ಪುಟಗಳಲ್ಲಿ ಮಾತ್ರ ನಾನದನ್ನು ಹಾಕುವುದಿಲ್ಲ. ಯಾಕೆ ಎನ್ನುವುದು ಪೂರ್ತಿ ಓದಿದವರಿಗೆ ತಿಳಿಯುತ್ತದೆ. ಅಣ್ಣ ಎಂದೇ ಕರೆಯುತ್ತಿದ್ದೆ, ಅಣ್ಣ ಎಂದೇ ಬರೆಯುತ್ತೇನೆ.

ಅವರನ್ನು ಮೊದಲು ಕಂಡದ್ದು ಬಸ್ಸಿನಲ್ಲಿ. ಆಗ ನಾನು ಕಂಡಕ್ಟರ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಹೋಗಿ ಬರುವ ಬಸ್ಸು. ಹಳೇಬೀಡಿನಲ್ಲಿ ಒಬ್ಬ ಮನುಷ್ಯ ಹತ್ತಿದರು. ಹೆಗಲ ಮೇಲೆ ಬಿದ್ದ ಕೂದಲು, ಎದೆ ಮುಟ್ಟುವ ಗಡ್ಡ, ಒಂದು ಕಾಲಿಗೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಇನ್ನೊಂದಕ್ಕೆ ಕೆಂಪು ಪಟ್ಟಿಯದು, ಬಗಲಲ್ಲಿ ತಮಟೆ.

"ಎಲ್ಡು ಜಾವಗಲ್ ಕೊಡಪ್ಪ" ಅಂದರು.

ಜೊತೆಯಲ್ಲಿ ಯಾರೂ ಕಾಣಲಿಲ್ಲ. ಇನ್ನೊಂದು ಯಾರಿಗೆ ಎಂದು ಕೇಳಿದೆ. ತಮಟೆ ತೋರಿಸಿದರು. ಕೈಯಲ್ಲಿ ಹಿಡಿದುಕೊಳ್ಳುವ ಸಾಮಾನಿಗೆ ಟಿಕೆಟ್ ಬೇಕಿಲ್ಲ ಎಂದೆ.

"ಸಾಮಾನಲ್ಲ ಕಣಪ್ಪ, ದನ ಇದು. ಬದುಕಿದ್ದಾಗ ಪುಕ್ಸಟ್ಟೆ ದುಡೀತು. ಸತ್ತ ಮ್ಯಾಲಾದ್ರೂ ಟಿಕೆಟ್ ತಗಂಡು ಕೂತ್ಕಂಡು ಹೋಗ್ಲಿ."

ಇಡೀ ಬಸ್ಸು ನಕ್ಕಿತು. ನಾನೂ ನಕ್ಕು ಎರಡು ಟಿಕೆಟ್ ಹರಿದೆ. ತಮಟೆಯನ್ನು ಕಿಟಕಿ ಪಕ್ಕ ಕೂರಿಸಿ ತಾವು ಈಚೆ ಕೂತರು. ಮುಂದಿನ ಸ್ಟಾಪಿನಲ್ಲಿ ಒಬ್ಬ ಮುದುಕಿ ಹತ್ತಿದಾಗ ತಮಟೆಯನ್ನು ತೊಡೆಗೆ ಎಳೆದುಕೊಂಡು, "ಬಾರವ್ವ, ದುಡ್ಡು ಕೊಟ್ಟಿರೋ ಸೀಟು, ನಿಂತ್ಕಂಡ್ ಹೋದ್ರೆ ದನ ಬೇಜಾರು ಮಾಡ್ಕತದೆ" ಎಂದು ಕರೆದು ಕೂರಿಸಿಕೊಂಡರು. ಅಲ್ಲಿಂದಾಚೆ ನನ್ನ ಬಸ್ಸಿಗೆ ಹತ್ತಿದಾಗೆಲ್ಲ ಅವರಿಗೆ ಎರಡು ಟಿಕೆಟ್. ನಾನು ಎಷ್ಟು ಸಲ ಬೇಡವೆಂದರೂ ಬಿಡುತ್ತಿರಲಿಲ್ಲ.

ಅವತ್ತು ಸಂಜೆ ಡ್ಯೂಟಿ ಮುಗಿಸಿ ಜಾವಗಲ್ ಸಂತೆ ಮೈದಾನಕ್ಕೆ ಹೋಗಿ ಅವರ ಹಾಡು ಕೇಳಿದೆ. ಅದನ್ನು ಹೇಗೆ ಬರೆಯಲಿ? ಚೆಂದದ ಕಂಠವೇನೂ ಅಲ್ಲ. ಬೀಡಿ ಸೇದಿ ಸೇದಿ ಗೊಗ್ಗರಾದ ದನಿ. ಆದರೆ ಆ ದನಿ ಕೇಳಿದರೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಎದ್ದು ಏನಾದರೂ ಮಾಡಬೇಕು ಅನಿಸುತ್ತಿತ್ತು. ಇಪ್ಪತ್ನಾಲ್ಕು ವರ್ಷದವನಿಗೆ ಏನು ಮಾಡಬೇಕು ಎಂದು ಹೊಳೆಯದೆ, ನಾಲ್ಕು ಮೈಲಿ ನಡೆದುಕೊಂಡೇ ಊರಿಗೆ ಹೋದೆ. ಅಲ್ಲಿಂದ ನಾನು ಅವರ ಅಭಿಮಾನಿ. ವಾರದ ರಜೆಯನ್ನೆಲ್ಲ ಅವರ ಹಿಂದೆ ಸುತ್ತಿಯೇ ಕಳೆದೆ.

ಹಾಡುವ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡಬೇಕು. ಬೇರೆಯವರು ಹುಲ್ಲನ್ನೋ ತೆಂಗಿನ ಗರಿಯನ್ನೋ ಸುಡುತ್ತಾರೆ. ಅಣ್ಣ ಪೇಪರ್ ಸುಡುತ್ತಿದ್ದರು. ತಮ್ಮ ಫೋಟೋ ಬಂದ ಪೇಪರ್ ಸಿಕ್ಕಿದರಂತೂ ಬಹಳ ಖುಷಿ. "ತತ್ತಾ ಇಲ್ಲಿ, ನನ್ ಮುಖ ಹತ್ಕಂಡ್ರೆ ತಮಟೆ ಬ್ಯಾಗ ಕಾಯ್ತದೆ." ನಾನು ಜೋಪಾನವಾಗಿ ಕತ್ತರಿಸಿ ಇಟ್ಟುಕೊಂಡಿದ್ದ ಎರಡು ವರದಿಗಳು ಹೀಗೆ ಬೂದಿಯಾದವು.

ಜಗಲಿಯೋ ವೇದಿಕೆಯೋ, ಹತ್ತುವ ಮೊದಲು ಚಪ್ಪಲಿಗಳನ್ನು ಹೊರಮುಖ ಮಾಡಿ ಬಿಡುತ್ತಿದ್ದರು. ಓಡಬೇಕಾಗಿ ಬಂದರೆ ತಿರುಗಿಸಲು ಸಮಯ ಇರುವುದಿಲ್ಲವಂತೆ. ಹಳೆಯ ದಿನಗಳಲ್ಲಿ ಪೊಲೀಸರೂ ಊರ ದೊಡ್ಡವರ ಕಡೆಯವರೂ ಓಡಿಸಿದ್ದುಂಟು. ಒಮ್ಮೆ ತಮಟೆ ಬಿಟ್ಟು ಓಡಿ, ಮಾರನೇ ದಿನ ಅದೇ ಊರಿಗೆ ಹೋಗಿ "ನನ್ ದನ ನಿಮ್ಮೂರಲ್ಲಿ ತಪ್ಪಿಸ್ಕಂಡೈತೆ" ಎಂದು ಕೇಳಿ ತಂದಿದ್ದರು. ಕಾಲ ಬದಲಾಗಿ ಶಾಲು ಹೊದಿಸುವವರು ಬಂದ ಮೇಲೂ ಚಪ್ಪಲಿ ಹೊರಮುಖವಾಗಿಯೇ ಇರುತ್ತಿದ್ದವು. "ಈಗ್ಲೇ ಜಾಸ್ತಿ ಓಡ್ಬೇಕು ಕಣಯ್ಯ. ದೊಣ್ಣೆನೋರು ಹಿಂದಿಂದ ಬರೋರು, ಶಾಲಿನೋರು ಮುಂದಿಂದ್ಲೇ ಬತ್ತಾರೆ" ಎನ್ನುತ್ತಿದ್ದರು.

ಆ ಕೂದಲಿನ ಬಗ್ಗೆ ಜನ ಏನೇನೋ ಹೇಳುತ್ತಿದ್ದರು. ಯಾವುದೋ ಹರಕೆ ಅಂದವರಿದ್ದರು, ಗಾಂಜಾ ಗಿರಾಕಿ ಅಂದವರಿದ್ದರು. ಒಂದು ದಿನ ನಾನೇ ಕೇಳಿದೆ. ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಕೂತಿದ್ದೆವು. ಹೊಸ ಹಾಡು ಕಟ್ಟಿದರೆ ಅಲ್ಲಿಗೇ ಹೋಗಿ ಮೊದಲು ಹಾಡಿ ನೋಡುತ್ತಿದ್ದರು. ಸುತ್ತಲಿನ ಕಲ್ಲು ದನಿಯನ್ನು ತಿರುಗಿ ಕೊಡುತ್ತಿತ್ತು. "ನಮ್ಮೂರಲ್ಲಿ ನಮ್ಮಪ್ಪಂಗೆ ಕ್ಷೌರ ಮಾಡಕ್ಕಿಲ್ಲ ಅಂದ್ರು" ಎಂದರು. "ಹತ್ತು ಮೈಲಿ ನಡ್ದು ಅರ್ಸೀಕೆರೆಗೋಗಿ ಮಾಡಿಸ್ಕಂಡು ಬರೋನು. ನಾನು ದೊಡ್ಡೋನಾದ್ ಮ್ಯಾಲೆ, ಸರಿ, ನಂಗೆ ಬ್ಯಾಡವೇ ಬ್ಯಾಡ ಅಂತ ಬಿಟ್ಟೆ. ಅಷ್ಟೇಯ." ಹೇಳಿ ನೀರಿಗೊಂದು ಕಲ್ಲು ಎಸೆದರು.

ಹಳೇಬೀಡಿನಲ್ಲಿ ಬಸ್ಸಿಗೆ ಕಾಯುವಾಗ ದೇವಸ್ಥಾನದ ಕಾಂಪೌಂಡಿನ ಹೊರಗೆ ಕೂರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಶಿಲ್ಪಿಗಳು ತಾವು ಕಡೆದ ವಿಗ್ರಹದ ಬುಡದಲ್ಲಿ ಹೆಸರು ಕೆತ್ತಿದ್ದಾರೆ ಎಂದು ಗೈಡು ಪ್ರವಾಸಿಗರಿಗೆ ಹೇಳುವುದು ಕೇಳಿ ತಲೆದೂಗುತ್ತಿದ್ದರು. "ಮೆಚ್ದೆ ಕಣಯ್ಯ. ಒಪ್ಪಾದ್ರೂ ನಂದೇ, ತಪ್ಪಾದ್ರೂ ನಂದೇ ಅಂದಂಗಾಯ್ತು. ಕಲ್ಲು ಹೊತ್ತೋರ ಹೆಸ್ರೂ ಇದ್ದಿದ್ರೆ ಇನ್ನೂ ಚೆಂದಾಗಿರೋದು."

ಈ ಹೆಸರಿನ ಹುಚ್ಚು ಅವರ ಹಾಡಿನಲ್ಲೂ ಇತ್ತು. ಇವತ್ತು ಎಲ್ಲರ ಫೋನಿನಲ್ಲೂ ಇರುವ 'ಹೇಳು ಹೆಸರ' ಹಾಡು ಮೊದಮೊದಲು ಹೀಗೆ ಇರಲಿಲ್ಲ. ಎರಡೇ ಪ್ರಶ್ನೆ ಇದ್ದವು.

ದಾರಿಗೆ ಮುಳ್ಳು ಹಾಕ್ದೋನ್ ಯಾರು, ಹೇಳು ಹೆಸರ
ನೀರಿಗೆ ಬೀಗ ಹಾಕ್ದೋನ್ ಯಾರು, ಹೇಳು ಹೆಸರ

ಪ್ರತಿ ಪ್ರಶ್ನೆಯ ಮುಂದೆ ಮೂರು ಪೆಟ್ಟಿನಷ್ಟು ಜಾಗ ಖಾಲಿ. ಯಾವ ಊರಿಗೆ ಹೋದರೆ ಆ ಊರಿನ ಹೆಸರು ಆ ಜಾಗದಲ್ಲಿ ಕೂರುತ್ತಿತ್ತು. ಸಾಹುಕಾರನೋ, ಮೆಂಬರೋ, ಗುಮಾಸ್ತನೋ, ಜನರ ಎದುರಿಗೇ, ತಮಟೆಯ ಮೇಲೆ. ಹೆಸರು ಬಿದ್ದ ಕೂಡಲೇ ಜನ ಹೋ ಎಂದು ಕೂಗುತ್ತಿದ್ದರು. ಎಷ್ಟೋ ಊರಲ್ಲಿ ಅರ್ಜಿಗೆ ಬಗ್ಗದವರು ಈ ಹಾಡಿಗೆ ಬಗ್ಗಿದ್ದಾರೆ.

ಹೆಸರು ಹಾಕುವುದಕ್ಕೆ ಅವರದೊಂದು ನೇಮ ಇತ್ತು. ಊರಿಗೆ ಮುಂಚೆಯೇ ಹೋಗಿ ಇಬ್ಬರನ್ನು ಕೇಳುತ್ತಿದ್ದರು. ಒಬ್ಬರು ಕಾಲೋನಿಯವರು, ಇನ್ನೊಬ್ಬರು ಕಾಲೋನಿ ಆಚೆಯವರು. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಕೇಳಬೇಕು. ಇಬ್ಬರೂ ಒಂದೇ ಹೆಸರು ಹೇಳಿದರೆ ಹಾಡುವುದು, ಇಲ್ಲದಿದ್ದರೆ ಆ ಜಾಗದಲ್ಲಿ ತಮಟೆಯ ಪೆಟ್ಟು ಮಾತ್ರ. "ಹೆಸ್ರು ಅನ್ನೋದು ಬಾಯಿಂದ ಬಿಟ್ ಮ್ಯಾಲೆ ಹಿಂದಕ್ಕೆ ಬರಾಕಿಲ್ಲ" ಎನ್ನುತ್ತಿದ್ದರು. ಆ ನೇಮವನ್ನು ಅವರು ಮುರಿದದ್ದು ಒಂದೇ ಸಲ. ಮುರಿದದ್ದು ನನ್ನನ್ನು ನಂಬಿ.

ನಮ್ಮೂರು ಜಾವಗಲ್ಲಿನಿಂದ ಒಳಗೆ. ನಮ್ಮದು ರಾಗಿ, ತೆಂಗು ಇದ್ದ ಮನೆ. ನನ್ನ ದೊಡ್ಡಪ್ಪ ಆಗ ಪಂಚಾಯ್ತಿ ಅಧ್ಯಕ್ಷರು. ನನಗೆ ಈ ಕೆಲಸ ಸಿಗಲು ಓಡಾಡಿದ್ದೂ ಅವರೇ. ನಾನು ತಮಟೆಯವರನ್ನು ಅಣ್ಣ ಎಂದು ಕರೆಯುವುದು ಗೊತ್ತಾದಾಗ, "ನಿಮ್ಮಪ್ಪಂಗೆ ಅವ್ನು ಯಾವಾಗ್ಲಾ ಹುಟ್ಟಿದ್ದು?" ಎಂದು ಕೇಳಿ ಜಗಲಿಯಲ್ಲಿ ಕೂತವರನ್ನೆಲ್ಲ ನಗಿಸಿದ್ದರು. ಒಂದು ಸಲ ನಾನು ಅಣ್ಣನನ್ನು ಮನೆಗೂ ಕರೆದುಕೊಂಡು ಹೋಗಿದ್ದೆ. ಜಗಲಿಯ ತುದಿಯಲ್ಲಿ ಕೂರಿಸಿದರು. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಲೋಟವನ್ನು ಇಳಿಸಿ, ತೊಳೆದು, ಅದರಲ್ಲಿ ಕಾಫಿ ಕೊಟ್ಟರು. ನಾನು ನೋಡಿದೆ, ಸುಮ್ಮನಿದ್ದೆ. ವಾಪಸ್ ಹೋಗುವಾಗ ಅಣ್ಣ ಹೇಳಿದ್ದು ಇಷ್ಟು: "ನಿಮ್ಮವ್ವ ಕಾಫಿ ಚೆಂದಾಗಿ ಕಾಯಿಸ್ತದೆ. ಲೋಟಕ್ಕೆ ಮಾತ್ರ ಸೂರಿನ ಹೊಗೆ ವಾಸ್ನೆ." ಬೇರೆಯವರಾಗಿದ್ದರೆ ಅಲ್ಲಿಗೇ ನನ್ನನ್ನು ಬಿಟ್ಟುಬಿಡುತ್ತಿದ್ದರು. ಅವರು ಬಿಡಲಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಂಡರು. ಹೆಣದ ಮುಂದೆ ತಮಟೆ ಬಡಿಯಲು ಬರುವುದಿಲ್ಲ ಎಂದು ಕಾಲೋನಿಯ ಗಂಡಸರು ಹೇಳಿಕಳಿಸಿದರು. ದೊಡ್ಡಪ್ಪ ಏನೂ ಮಾತಾಡಲಿಲ್ಲ. ಮಾರನೇ ವಾರದಿಂದ ಕಾಲೋನಿಯ ನಲ್ಲಿಗೆ ನೀರು ನಿಂತಿತು. ಬಿಟ್ಟರೂ ವಾರಕ್ಕೆರಡು ಸಲ, ಅರ್ಧ ಗಂಟೆ. ನೀರಿನ ವಾಲ್ವು ತೆರೆಯುವ, ಮುಚ್ಚುವ ಕೆಲಸ ಪಂಚಾಯ್ತಿಯ ನೀರುಗಂಟಿಯದು. ಗುಂಟೆ ಜಮೀನಿಲ್ಲದ, ಯಾರಿಗೂ ಎದುರಾಡದ ಬಡಪಾಯಿ. ಆತನ ಹೆಸರನ್ನು ಒಂದು ಸಲ ಕೆಡಿಸಿದ್ದು ಸಾಕು, ಇಲ್ಲಿ ನೀರುಗಂಟಿ ಎಂದಷ್ಟೇ ಬರೆಯುತ್ತೇನೆ.

ಕಾಲೋನಿಯವರು ಅಣ್ಣನನ್ನು ಕರೆಸಿದರು. ಅವತ್ತು ಅವರು ಬಂದದ್ದು ನನ್ನ ಬಸ್ಸಿನಲ್ಲೇ. ಮಧ್ಯಾಹ್ನದ ಆ ಒಂದು ಟ್ರಿಪ್ಪು ನಮ್ಮೂರ ಒಳಗೆ ಹೋಗಿ, ಡ್ರೈವರ್ ಊಟ ಮುಗಿಸುವ ತನಕ ಅರ್ಧ ಗಂಟೆ ನಿಲ್ಲುತ್ತಿತ್ತು. ಜಾವಗಲ್ ಹತ್ತಿರ ಟೈರು ಪಂಕ್ಚರ್ ಆಗಿ ಒಂದೂವರೆ ಗಂಟೆ ತಡವಾಯಿತು. ಸ್ಕೂಲಿನ ಮುಂದೆ ಆಗಲೇ ಜನ ಸೇರಿದ್ದಾರೆ ಎಂದು ಎದುರಿಗೆ ಬಂದ ಟೆಂಪೋದವನು ಹೇಳಿದ. ಅಣ್ಣ ಒಂದು ಕ್ಷಣ ಯೋಚಿಸಿ ನನ್ನನ್ನು ಪಕ್ಕಕ್ಕೆ ಕರೆದರು.

"ಇಬ್ರನ್ನ ಕೇಳೋಕೆ ಟೈಮಿಲ್ಲ. ನಿನ್ನೂರು, ನಿಂಗೆ ಗೊತ್ತಿಲ್ದೇ ಇರ್ತದಾ? ನೀರಿಗೆ ಬೀಗ ಹಾಕ್ದೋನ್ ಯಾರು, ಹೇಳು."

ಹಾಡಿನ ಸಾಲನ್ನೇ ಅವರು ಪ್ರಶ್ನೆ ಮಾಡಿ ಕೇಳಿದರು. ನನ್ನ ಹಿಂದಿನ ಸೀಟಿನಲ್ಲಿ ನಮ್ಮೂರಿನ ಮೂವರು ಕೂತಿದ್ದರು. ಕೈಯಲ್ಲಿ ಟಿಕೆಟ್ ಕಟ್ಟು ಇತ್ತು, ಅದನ್ನೇ ನೋಡುತ್ತಾ ನೀರುಗಂಟಿಯ ಹೆಸರು ಹೇಳಿದೆ.

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು: ವಾಲ್ವಿನ ಬೀಗದ ಕೈ ಆತನ ಉಡಿದಾರದಲ್ಲೇ ತಾನೆ ನೇತಾಡುತ್ತಿದ್ದದ್ದು, ಸುಳ್ಳೇನು ಹೇಳಿದ ಹಾಗಾಯ್ತು? ಯಾರು ಹೇಳಿ ಬೀಗ ಹಾಕಿಸಿದರು ಎನ್ನುವುದು ಊರಿನ ನಾಯಿಗೂ ಗೊತ್ತಿತ್ತು.

ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೋಡಿದೆ. ಅಣ್ಣ ಚಪ್ಪಲಿ ಹೊರಮುಖ ಬಿಟ್ಟು ಸ್ಕೂಲಿನ ಜಗಲಿ ಹತ್ತಿದರು. ತಮಟೆ ಕಾಯಿಸಿ ಹಾಡಿದರು. ಆ ಹೆಸರು ಬಿದ್ದಾಗ ಜನ ಹೋ ಎನ್ನಲಿಲ್ಲ. ಕಾಲೋನಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀರುಗಂಟಿಯ ಹೆಂಡತಿ ಜನರ ನಡುವೆ ಕೂತಿದ್ದವಳು ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದು ಹೋದಳು. ಅರಳಿಕಟ್ಟೆಯ ಕಡೆಯಿಂದ ಒಂದು ಚಪ್ಪಾಳೆ ಕೇಳಿಸಿತು. ದೊಡ್ಡಪ್ಪ ನಗುತ್ತಾ ತಟ್ಟುತ್ತಿದ್ದರು. ಆಮೇಲೆ ಅವರ ಸುತ್ತ ಇದ್ದವರೂ ತಟ್ಟಿದರು. ಅಣ್ಣನ ಕೈ ತಮಟೆಯ ಮೇಲೆ ಹಾಗೇ ನಿಂತಿತು. ಉಳಿದ ಹಾಡನ್ನು ಅವರು ಹಾಡಲಿಲ್ಲ.

ಹಿಂದಿನ ಸೀಟಿನವರು ಸುದ್ದಿ ಮುಟ್ಟಿಸಿದ್ದರು, ಅವತ್ತು ರಾತ್ರಿ ಊಟಕ್ಕೆ ದೊಡ್ಡಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಪರವಾಗಿಲ್ಲ ಕಣ್ಲಾ, ನಿಂಗೂ ಬುದ್ಧಿ ಐತೆ" ಎಂದು ನನ್ನ ಮುದ್ದೆಗೆ ತಾವೇ ತುಪ್ಪ ಹಾಕಿದರು. ನಾನು ಉಂಡೆ. ಇದನ್ನೂ ಬರೆಯಬೇಕು, ಉಂಡೆ. ಎರಡು ದಿನ ಕಳೆದ ಮೇಲೆ ಅವರು ನೀರುಗಂಟಿಯನ್ನು ಕರೆಸಿ, "ಹಾಡಾಗಿ ಹೋಯ್ತಲ್ಲೋ ನಿನ್ನೆಸ್ರು. ಇನ್ನೂ ನಿನ್ನ ಇಟ್ಕಂಡ್ರೆ ಪಂಚಾಯ್ತಿಗೆ ಕೆಟ್ಟೆಸ್ರು" ಎಂದು ಬೀಗದ ಕೈ ಇಸಿದುಕೊಂಡರು. ಆತ ಉಡಿದಾರದಿಂದ ಬಿಚ್ಚಿ ಕೊಟ್ಟನಂತೆ.

ನಾಲ್ಕನೇ ದಿನ ಮಧ್ಯಾಹ್ನ ಅಣ್ಣ ಮತ್ತೆ ನನ್ನ ಬಸ್ಸು ಹತ್ತಿದರು. "ಎಲ್ಡು ಕೊಡಪ್ಪ, ನಿಮ್ಮೂರಿಗೆ." ಕಾಲೋನಿಯವರು ಹೇಳಿಕಳಿಸಿರಬೇಕು, ಈ ನಡುವೆ ಇಬ್ಬರನ್ನು ಕೇಳಿಯೂ ಆಗಿರಬೇಕು ಎಂದುಕೊಂಡೆ. ಊರಿನಲ್ಲಿ ಇಳಿದವರು ಸೀದಾ ನೀರುಗಂಟಿಯ ಮನೆಯ ಮುಂದೆ ಹೋಗಿ, ಒಂದಿಷ್ಟು ಕಸ ಕಡ್ಡಿ ಗುಡ್ಡೆ ಮಾಡಿ, ತಮಟೆ ಕಾಯಿಸಿದರು. ಬಸ್ಸಿನಿಂದ ಆ ಮನೆ ಕಾಣುತ್ತಿತ್ತು. ನೆತ್ತಿಯ ಬಿಸಿಲು. ತಮಟೆಯ ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದರು. ಅಣ್ಣ ಚಪ್ಪಲಿ ಬಿಟ್ಟರು. ಅವತ್ತು ಒಂದೇ ದಿನ ಚಪ್ಪಲಿಗಳು ಒಳಮುಖವಾಗಿ, ಆ ಮನೆಯ ಬಾಗಿಲ ಕಡೆಗೆ ಇದ್ದವು. ಆಮೇಲೆ ಹಾಡಿದರು. ಹಾಡಿನಲ್ಲಿ ಹೊಸದೊಂದು ಸಾಲು ಇತ್ತು.

ಸುಳ್ಳು ಹೆಸರ ಹಾಡ್ದೋನ್ ಯಾರು, ಹೇಳು ಹೆಸರ

ಖಾಲಿ ಇದ್ದ ಮೂರು ಪೆಟ್ಟಿನ ಜಾಗದಲ್ಲಿ ಅವರು ತಮ್ಮ ಹೆಸರು ಹಾಡಿದರು. ಮೂರು ಸಲ, ಬೀದಿಗೆಲ್ಲ ಕೇಳುವ ಹಾಗೆ. ಅದಾದ ಮೇಲೆ ನೀರಿನ ಸಾಲು ಹಾಡಿ, ಅಲ್ಲಿ ದೊಡ್ಡಪ್ಪನ ಹೆಸರು ಹಾಕಿದರು. ಆಗ ಜನ ಕೂಗಿದ್ದು ಬಸ್ಸಿನ ಒಳಗೂ ಕೇಳಿಸಿತು. ಹಾಡು ಮುಗಿಸಿ ಅವರು ನೀರುಗಂಟಿಯ ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು, ನನ್ನ ಬಸ್ಸಿನಲ್ಲೇ ಕೂತು, ಮತ್ತೆ ಎರಡು ಟಿಕೆಟ್ ತೆಗೆದುಕೊಂಡರು. ನನ್ನನ್ನು ಏನೂ ಕೇಳಲಿಲ್ಲ. ಇಳಿಯುವಾಗ, "ಇನ್ಮ್ಯಾಕೆ ಇಬ್ರನ್ನ ಕೇಳ್ದೆ ಹಾಡಾಕಿಲ್ಲ ಕಣಯ್ಯ. ಯಾರೇ ಆಗ್ಲಿ" ಎಂದರು. ಅಷ್ಟೇ.

ಹದಿನೈದು ದಿನದಲ್ಲಿ ಮೇಲಿನ ಅಧಿಕಾರಿಗಳು ಬಂದು ನೋಡಿ ಕಾಲೋನಿಗೆ ನೀರು ಬಿಡಿಸಿದರು. ನೀರು ಬಂತು, ನೀರುಗಂಟಿಯ ಕೆಲಸ ಮಾತ್ರ ತಿರುಗಿ ಬರಲಿಲ್ಲ. ಆತ ಹೆಂಡತಿಯನ್ನು ಕರೆದುಕೊಂಡು ಅರಸೀಕೆರೆಗೆ ಹೋಗಿ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ ಹಿಡಿದ. ಸಾಮಾನು ಸಾಗಿಸಿದ್ದು ಕೂಡ ನನ್ನ ಬಸ್ಸಿನ ಟಾಪಿನ ಮೇಲೆ. ನಾನು ಲಗೇಜ್ ಚಾರ್ಜು ಹಾಕಲಿಲ್ಲ. ಅದನ್ನೇ ಒಂದು ದೊಡ್ಡ ಉಪಕಾರ ಎಂದುಕೊಂಡೆ.

ಅಣ್ಣ ನನ್ನನ್ನು ದೂರ ಮಾಡಲಿಲ್ಲ. ಇದನ್ನು ನಾನು ನನಗೆ ಅನುಕೂಲವಾಗುವ ಹಾಗೆ ಅರ್ಥ ಮಾಡಿಕೊಂಡೆ. ಅವರಿಗೆ ಗೊತ್ತಿಲ್ಲ, ಹುಡುಗ ತಿಳಿಯದೆ ಹೇಳಿದ ಎಂದುಕೊಂಡಿದ್ದಾರೆ ಎಂದು ನಂಬಿದೆ. ಇಬ್ಬರನ್ನು ಕೇಳಿ ದೊಡ್ಡಪ್ಪನ ಹೆಸರು ಹಾಡಿದವರಿಗೆ, ಆ ದೊಡ್ಡಪ್ಪ ಯಾರಿಗೆ ದೊಡ್ಡಪ್ಪ ಎನ್ನುವುದು ಗೊತ್ತಿರುವುದಿಲ್ಲವೆ? ಇಷ್ಟು ಸಣ್ಣ ವಿಚಾರವನ್ನು ಇಪ್ಪತ್ತೆಂಟು ವರ್ಷ ಯೋಚಿಸದೆ ಇರುವುದಕ್ಕೂ ಒಂದು ಸಾಮರ್ಥ್ಯ ಬೇಕು. ನನಗೆ ಅದಿತ್ತು.

ಆಮೇಲೆ ಸಿಕ್ಕಾಗೆಲ್ಲ ಅವರು ಕೇಳುತ್ತಿದ್ದ ಮಾತು ಒಂದಿತ್ತು. "ಅರ್ಸೀಕೆರೆಗೆ ಹೋಗಿದ್ಯೇನಯ್ಯ?" ದಿನಕ್ಕೆ ಎರಡು ಟ್ರಿಪ್ಪು ಅರಸೀಕೆರೆಗೆ ಹೋಗಿ ಬರುವ ಕಂಡಕ್ಟರನ್ನು ಕೇಳುವ ಪ್ರಶ್ನೆಯೇ? "ದಿನಾ ಹೋಗ್ತೀನಲ್ಲಣ್ಣ" ಎಂದರೆ "ಹೌದಲ್ವಾ" ಎಂದು ನಗುತ್ತಿದ್ದರು. ವಯಸ್ಸಾಯಿತು, ಮರೆವು ಎಂದುಕೊಂಡೆ.

ಹಾಡಿನ ಆ ಮೂರನೇ ಸಾಲು ಉಳಿದುಕೊಂಡಿತು. ಯಾವ ಊರಿನಲ್ಲೇ ಹಾಡಲಿ, ಮೊದಲು ತಮ್ಮ ಹೆಸರು ಹಾಡಿಯೇ ಇನ್ನೊಬ್ಬರ ಹೆಸರಿಗೆ ಹೋಗುತ್ತಿದ್ದರು. ಜನಕ್ಕೆ ಅದು ಬಹಳ ಹಿಡಿಸಿತು. ಕಾಲೇಜಿನ ಮೇಷ್ಟ್ರುಗಳು ಆತ್ಮವಿಮರ್ಶೆ ಎಂದು ಬರೆದರು. ಯಾರೋ ವಿಡಿಯೋ ಮಾಡಿ ಹಾಕಿದರು, ಲಕ್ಷ ಜನ ನೋಡಿದರು. ಗಿಟಾರ್ ಹಿಡಿದ ಹುಡುಗ ಹುಡುಗಿಯರು ಅದನ್ನು ಹಾಡುತ್ತಾ, ಆ ಸಾಲು ಬಂದಾಗ ಕಣ್ಣು ಮುಚ್ಚಿ ಅಣ್ಣನ ಹೆಸರು ಕೂಗುತ್ತಿದ್ದರು. ನನ್ನ ನಿಲ್ದಾಣದ ಬೆಂಚಿನ ಮೇಲೆ ಕೂತ ಹುಡುಗರ ಫೋನಿನಿಂದ ಅದು ಕೇಳಿಬಂದಾಗ ನಾನು ಮೈಕ್ ಎತ್ತಿಕೊಂಡು, ಬಸ್ಸು ಬಂದಿರಲಿ ಬಿಡಲಿ, ಅರಸೀಕೆರೆ, ಅರಸೀಕೆರೆ ಎಂದು ಕೂಗುತ್ತಿದ್ದೆ.

ಎರಡು ವರ್ಷದ ಹಿಂದೆ ಅವರ ಗಂಟಲಿಗೆ ರೋಗ ಬಂತು. ದನಿ ಹೋಯಿತು. ಹಾಸನದ ಆಸ್ಪತ್ರೆಗೆ ನೋಡಲು ಹೋದಾಗ ಗುರುತು ಸಿಗಲಿಲ್ಲ. ಔಷಧಿಗೆ ಕೂದಲು, ಗಡ್ಡ ಪೂರ್ತಿ ಉದುರಿತ್ತು. ಮಕ್ಕಳ ಸ್ಲೇಟೊಂದನ್ನು ಎದೆಯ ಮೇಲೆ ಇಟ್ಟುಕೊಂಡಿದ್ದರು. ನನ್ನನ್ನು ಕಂಡು ಅದರ ಮೇಲೆ ಬರೆದರು. "ಕೊನೆಗೂ ಕ್ಷೌರ ಮಾಡಿದರು. ನಮ್ಮಪ್ಪ ಇರಬೇಕಿತ್ತು." ಅವರೇ ನಕ್ಕರು, ಸದ್ದಿಲ್ಲದೆ. ನನಗೆ ಅಳು ತಡೆಯಲಾಗಲಿಲ್ಲ. ಹೊರಡುವಾಗ ಕೈ ಹಿಡಿದು ನಿಲ್ಲಿಸಿ ಮತ್ತೊಂದು ಸಾಲು ಬರೆದರು. "ಅರಸೀಕೆರೆಗೆ ಹೋಗಿದ್ಯಾ?"

"ಈಗ ಕಂಟ್ರೋಲರ್ ಅಲ್ವೇನಣ್ಣ, ಹೋಗಲ್ಲ. ಬಸ್ ಕಳಿಸ್ತೀನಿ ಅಷ್ಟೇ" ಎಂದೆ.

ಅವರು ಅಂಗೈಯಿಂದ ಸ್ಲೇಟು ಒರೆಸಿಕೊಂಡರು. ಅದೇ ಕೊನೆಯ ಭೇಟಿ.

ಹೋದ ಭಾನುವಾರ ಅರಸೀಕೆರೆಯಲ್ಲಿ ನುಡಿನಮನ ಇತ್ತು. ಅವರಿದ್ದಿದ್ದರೆ ಮೊದಲು ಓಡಿಹೋಗುತ್ತಿದ್ದ ಕಾರ್ಯಕ್ರಮ. ಫೋಟೋಗೆ ಹಾರ, ಹಾರದ ಮೇಲೆ ಶಾಲು. ಹುಡುಗರು 'ಹೇಳು ಹೆಸರ' ಹಾಡಿದರು. ಸುಳ್ಳು ಹೆಸರ ಹಾಡ್ದೋನ್ ಯಾರು ಎಂದು ಕೇಳಿದಾಗ ಇಡೀ ಸಭೆ ಎದ್ದು ನಿಂತು ಅಣ್ಣನ ಹೆಸರು ಕೂಗಿತು. ಮುಂದೆ ಫೋಟೋದಲ್ಲಿ ಅವರು ನಗುತ್ತಿದ್ದರು. ಮುನ್ನೂರು ಜನ ಸೇರಿ ಸತ್ತ ಮನುಷ್ಯನನ್ನು ಸುಳ್ಳ ಎಂದು ಪ್ರೀತಿಯಿಂದ ಕೂಗುತ್ತಿದ್ದರು. ಆ ಸಭೆಯಲ್ಲಿ ನಿಜವಾದ ಸುಳ್ಳ ಎರಡನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದ.

ನನ್ನನ್ನು ಐದು ನಿಮಿಷ ಮಾತಾಡಲು ಕರೆದರು. ಹೇಳಿಯೇ ಬಿಡುತ್ತೇನೆ ಎಂದು ಎದ್ದೆ. ಮೈಕಿನ ಮುಂದೆ ನಿಂತೆ. ತಮಟೆಗೆ ಟಿಕೆಟ್ ತೆಗೆದುಕೊಂಡ ಕಥೆ ಹೇಳಿದೆ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿದಾಗ ಅರಳಿಕಟ್ಟೆಯ ಚಪ್ಪಾಳೆ ನೆನಪಾಯಿತು. ಇಳಿದವನು ಕುರ್ಚಿಗೆ ಹೋಗದೆ ಸೀದಾ ಹೊರಗೆ ನಡೆದೆ.

ನೀರುಗಂಟಿಯ ಮನೆ ನನಗೆ ಗೊತ್ತಿತ್ತು. ಇಪ್ಪತ್ತೆಂಟು ವರ್ಷವೂ ಗೊತ್ತಿತ್ತು. ಬಸ್ಸು ಅರಸೀಕೆರೆ ಸೇರುವ ಮುಂಚೆ ಬಲಗಡೆಗೆ ಸಿಗುವ ಬೀದಿ. ಅಲ್ಲಿ ಬಂದಾಗ ನಾನು ಯಾವತ್ತೂ ಎಡಗಡೆಯವರ ಟಿಕೆಟ್ ನೋಡುತ್ತಿದ್ದೆ. ಮಧ್ಯಾಹ್ನ ಮೂರು ಗಂಟೆ ಇರಬೇಕು. ಆತ ಬಾಗಿಲ ಮುಂದೆ ಗೋಣಿಚೀಲದ ಮೇಲೆ ಕೂತು ಕೊಬ್ಬರಿ ಒಡೆಯುತ್ತಿದ್ದ. ತಲೆ ಬೆಳ್ಳಗಾಗಿತ್ತು. ಮುಖ ಎತ್ತಿ ನೋಡಿ, "ಕಂಡಕ್ಟ್ರಾ, ಬಾರಪ್ಪ" ಎಂದ. ಒಳಗೆ ತಿರುಗಿ ಹೆಂಡತಿಗೆ, "ನೋಡಮ್ಮಿ, ಬಂದ" ಎಂದ.

ನಿಂತುಕೊಂಡೇ ಹೇಳಿದೆ. ಬಸ್ಸಿನಲ್ಲಿ ಅಣ್ಣ ಕೇಳಿದ್ದು, ನಾನು ಹೇಳಿದ್ದು, ಗೊತ್ತಿದ್ದೂ ಹೇಳಿದ್ದು. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಆತ ಕೈಯಲ್ಲಿದ್ದ ಕೊಬ್ಬರಿ ಒಡೆದು ಪಕ್ಕಕ್ಕಿಟ್ಟ.

"ಗೊತ್ತು ಕಣಪ್ಪ."

"ಯಾರು ಹೇಳಿದ್ರು?"

"ಅವ್ರೇಯ. ಅವತ್ತು ಹಾಡು ಹೇಳಿ ಒಳಗ್ ಬಂದ್ರಲ್ಲ, ನಾನೇ ಕೇಳ್ದೆ, ನನ್ನೆಸ್ರು ನಿಮ್ಗೆ ಕೊಟ್ಟೋನ್ ಯಾರು ಅಂತ. ಸುಳ್ಳು ಹೇಳಾಕ್ ಬರಾಕಿಲ್ವಲ್ಲ ಅವ್ರಿಗೆ, ಹೇಳಿದ್ರು. ನಾನು ಕುಡ್ಗೋಲು ಹಿಡ್ಕಂಡೇ ಎದ್ದೆ. ನಿನ್ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಅವ್ರು ನನ್ ಕೈ ಹಿಡ್ಕಂಡು ಕೂರ್ಸಿದ್ರು. ನೀನು ಹೋಗ್ಬ್ಯಾಡ, ಅವ್ನೇ ಬಂದು ಹೇಳ್ಲಿ, ಬತ್ತಾನೆ ಅಂದ್ರು. ಅಲ್ಲೀಗಂಟ ಹಾಡಿನ ಆ ಜಾಗ್ದಲ್ಲಿ ತಮ್ಮೆಸ್ರೇ ಇರ್ಲಿ ಅಂದ್ರು."

ಆತನ ಹೆಂಡತಿ ಕಾಫಿ ತಂದುಕೊಟ್ಟಳು. ಮನೆಯವರು ಕುಡಿಯುವ ಲೋಟ. ಯಾವ ವಾಸನೆಯೂ ಇರಲಿಲ್ಲ. ನನಗೆ ಕುಡಿಯಲು ಆಗಲಿಲ್ಲ.

"ವರ್ಸಕ್ಕೊಂದ್ ಸಲ ತಪ್ಪದೆ ಬರೋರು" ಎಂದ ಆತ. "ಬಾಗ್ಲಲ್ಲಿ ನಿಂತ್ಕಂಡೇ ಕೇಳೋರು, ಬಂದಿದ್ನಾ ಅಂತ. ಇಲ್ಲ ಕಣಣ್ಣ ಅಂತಿದ್ದೆ. ಬತ್ತಾನೆ ಬಿಡು, ಕೆಟ್ಟೋನಲ್ಲ ಅನ್ನೋರು. ಹೋದ್ ವರ್ಸ ಬಂದಾಗ ಮಾತೇ ಇರ್ಲಿಲ್ಲ, ಪಾಪ. ಕೈಯಲ್ಲಿ ಹಿಂಗ್ ಮಾಡಿದ್ರು."

ಆತ ಬಾಗಿಲ ಕಡೆಗೆ ಕೈ ಚಾಚಿ, ಅಂಗೈ ಮೇಲೆ ಮಾಡಿ, ಹುಬ್ಬು ಎತ್ತಿ ತೋರಿಸಿದ. ಅಣ್ಣ ಹಾಗೆಯೇ ಕೇಳಿರಬೇಕು. ಸ್ವಲ್ಪ ಹೊತ್ತು ಆ ಕೈಯನ್ನು ಆತ ಕೆಳಗಿಳಿಸಲಿಲ್ಲ.

"ಒಂದ್ ತಿಂಗ್ಳು ಮುಂಚೆ ಬರ್ಬಾರ್ದಾಗಿತ್ತೇನಪ್ಪ" ಎಂದ. "ಈಗ ನೀನು ಬಂದೆ ಅಂತ ನಾನ್ ಯಾರ್ಗೆ ಹೇಳಾನ?"

ಹಾಡುವ ಹುಡುಗರಲ್ಲಿ ನನ್ನದೊಂದು ಕೋರಿಕೆ. ಆ ಮೂರನೇ ಸಾಲಿನಿಂದ ಅಣ್ಣನ ಹೆಸರು ತೆಗೆಯಿರಿ. ಅದು ನನ್ನ ಜಾಗ ಕಾಯುತ್ತಾ ನಿಂತಿತ್ತು, ಇನ್ನು ನಿಲ್ಲುವುದು ಬೇಡ. ಅಲ್ಲಿ ಹಾಕಬೇಕಾದ ಹೆಸರು ಈ ಲೇಖನದ ತಲೆಯ ಮೇಲೇ, ಬರೆದವನ ಹೆಸರಾಗಿ ಅಚ್ಚಾಗಿರುತ್ತದೆ. ತಾಳ ತಪ್ಪುತ್ತದೇನೋ ಎಂಬ ಅನುಮಾನ ಬೇಡ. ನಿನ್ನೆ ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಕೂತು ಹಾಡಿ ನೋಡಿದ್ದೇನೆ. ಮೂರು ಪೆಟ್ಟಿಗೆ ಸರಿಯಾಗಿ ಕೂರುತ್ತದೆ.